ತೂಕದ ಕಲ್ಲು, ಲೆಕ್ಕದ ಮಣ್ಣು

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹರಪ್ಪಾ ನಾಗರಿಕತೆಯ ವಸ್ತುಗಳನ್ನು ನೋಡಲು ಹೋದವರು ಮೊದಲು ಅರಸುವುದು ಮೊಹೆಂಜೊದಾರೊವಿನ ಕಂಚಿನ ನರ್ತಕಿಯನ್ನು. ಅವಳನ್ನು ನೋಡಿ, ಕೋಡುಳ್ಳ ಪ್ರಾಣಿಗಳ ಮುದ್ರೆಗಳನ್ನು ನೋಡಿ ಮುಂದೆ ಸಾಗುತ್ತಾರೆ. ಅದೇ ಸಂಗ್ರಹದಲ್ಲಿರುವ ಚೌಕಾಕಾರದ ಸಣ್ಣ ಕಲ್ಲುಗಳ ಮುಂದೆ ನಿಲ್ಲುವವರು ವಿರಳ. ಆ ಕಲ್ಲುಗಳ ಮೇಲೆ ಚಿತ್ರವಿಲ್ಲ, ಅಕ್ಷರವಿಲ್ಲ. ಆರು ಮುಖಗಳನ್ನೂ ಸಮನಾಗಿ ಉಜ್ಜಿ ನುಣುಪುಗೊಳಿಸಿದ್ದಾರೆ, ಅಷ್ಟೆ. ಆದರೆ ತಕ್ಕಡಿಯ ಹಿಂದೆ ಕುಳಿತು ಬಾಳಿದವನೊಬ್ಬನು ಅಲ್ಲಿಗೆ ಹೋದರೆ ಅವನ ಕಾಲು ತಾನಾಗಿಯೇ ನಿಲ್ಲುತ್ತದೆ. ಇವು ತೂಕದ ಬಟ್ಟುಗಳೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ.

ಈ ಬಟ್ಟುಗಳನ್ನು ಬಹುಮಟ್ಟಿಗೆ ಚರ್ಟ್ ಎಂಬ ಗಟ್ಟಿ ಶಿಲೆಯಿಂದ ಮಾಡಲಾಗಿದೆ. ಸುಲಭವಾಗಿ ಸವೆಯದ, ಮುಕ್ಕಾದರೆ ಕೂಡಲೇ ಕಣ್ಣಿಗೆ ಬೀಳುವ ಕಲ್ಲು ಅದು. ಕಬ್ಬಿಣದ ಬಟ್ಟಿನ ತಳವನ್ನು ಕೊರೆದು ಹಗುರ ಮಾಡುವ ವಿದ್ಯೆಯನ್ನು ಬಲ್ಲ ಪೇಟೆಗಳಿಗೆ ಈ ಆಯ್ಕೆಯ ಅರ್ಥ ಬೇಗ ಹೊಳೆಯುತ್ತದೆ. 1931ರಲ್ಲಿ ಪ್ರಕಟವಾದ ಜಾನ್ ಮಾರ್ಷಲ್ ಅವರ ಮೊಹೆಂಜೊದಾರೊ ಸಂಪುಟಗಳಲ್ಲಿ ಎ. ಎಸ್. ಹೆಮ್ಮಿ ಎಂಬ ವಿದ್ವಾಂಸರು ಇವುಗಳನ್ನು ತೂಗಿ ನೋಡಿ ಒಂದು ಕ್ರಮವನ್ನು ಗುರುತಿಸಿದರು. ಅತ್ಯಂತ ಚಿಕ್ಕ ಬಟ್ಟು ಸುಮಾರು 0.86 ಗ್ರಾಂ. ಅದನ್ನು ಒಂದೆಂದು ಹಿಡಿದರೆ ಮುಂದಿನವು ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು ಎಂದು ಇಮ್ಮಡಿಯಾಗುತ್ತ ಹೋಗುತ್ತವೆ. ಅನಂತರ ದಶಮಾನದ ಹೆಜ್ಜೆಗಳು ಬರುತ್ತವೆ. ಕೊನೆಯ ದೊಡ್ಡ ಬಟ್ಟು ಹತ್ತು ಕಿಲೋಗ್ರಾಮನ್ನೂ ಮೀರುತ್ತದೆ. ಹೆಚ್ಚಾಗಿ ದೊರೆತಿರುವುದು ಹದಿನಾರನೆಯ ಮಾನದ, ಅಂದರೆ ಸುಮಾರು 13.7 ಗ್ರಾಮಿನ ಬಟ್ಟು.

ಹದಿನಾರು ಎಂಬ ಸಂಖ್ಯೆಯನ್ನು ಕಂಡೊಡನೆ ಹಿರಿಯ ಓದುಗರಿಗೆ ಹಳೆಯ ಕಾಲ ನೆನಪಾಗದಿರದು. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಛಟಾಕು. 1957ರಲ್ಲಿ ನಯಾಪೈಸೆ ಬಂದು, ಅದರ ಬೆನ್ನಿಗೆ ಮೆಟ್ರಿಕ್ ತೂಕಗಳು ಬರುವವರೆಗೆ ಈ ನಾಡಿನ ಪೇಟೆ ಅರ್ಧ, ಕಾಲು, ಅರೆಕಾಲು ಎಂದು ಒಡೆಯುತ್ತಲೇ ಲೆಕ್ಕ ಹಾಕುತ್ತಿತ್ತು. ತಕ್ಕಡಿಯೊಂದೇ ಇದ್ದು ಬೇರೇನೂ ಇಲ್ಲದವನು ಸರಕನ್ನು ಎರಡು ಸಮಪಾಲು ಮಾಡಬಲ್ಲನು, ಮತ್ತೆ ಎರಡು ಮಾಡಬಲ್ಲನು. ಹತ್ತು ಪಾಲು ಮಾಡುವುದು ಅವನಿಗೆ ಕಷ್ಟ. ಆದ್ದರಿಂದ ಇಮ್ಮಡಿಯ ಕ್ರಮ ತಕ್ಕಡಿಯಿಂದಲೇ ಹುಟ್ಟಿತೆನ್ನಬೇಕು. ಇನ್ನೊಂದು ಸಂಗತಿಯೂ ಇದೆ. ಹರಪ್ಪಾದ ಅತಿ ಚಿಕ್ಕ ಬಟ್ಟು ಎಂಟು ಗುಲಗಂಜಿ ಕಾಳುಗಳ ತೂಕಕ್ಕೆ ಬಹಳ ಹತ್ತಿರದಲ್ಲಿದೆ. ಕರ್ನಾಟಕದ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಮೈಯ ಕಪ್ಪು ಕಣ್ಣಿನ ಅದೇ ಕಾಳು. ಎಲ್ಲ ಕಾಳುಗಳೂ ಒಂದೇ ತೂಕವಿರುವುದಿಲ್ಲ. ಅದಕ್ಕಾಗಿಯೇ ಎಂಟನ್ನು ಒಟ್ಟುಗೂಡಿಸಿ ಕಲ್ಲಿಗೆ ಇಳಿಸಿದರೆಂದು ಊಹಿಸಿದರೆ ತಪ್ಪಾಗಲಾರದು.

ಆಶ್ಚರ್ಯವಿರುವುದು ಬಟ್ಟಿನ ವಿಸ್ತಾರದಲ್ಲಿ. ಪಂಜಾಬಿನ ಹರಪ್ಪಾದಿಂದ ಗುಜರಾತಿನ ಲೋಥಲ್‌ಗೆ ಹಕ್ಕಿ ಹಾರುವ ದಾರಿಯಲ್ಲಿಯೇ ಸುಮಾರು 900 ಕಿಲೋಮೀಟರ್. ಕ್ರಿ.ಪೂ. 2600ರಿಂದ ಕ್ರಿ.ಪೂ. 1900ರವರೆಗೆ, ಅಂದರೆ ಸುಮಾರು ಏಳು ಶತಮಾನಗಳ ಕಾಲ, ಈ ಎಲ್ಲ ಊರುಗಳಲ್ಲಿಯೂ ಒಂದೇ ಮಾನ ನಡೆಯಿತು. ಬ್ರಿಟಿಷರ ಆಳ್ವಿಕೆಯಲ್ಲಿಯೂ ಒಂದೊಂದು ಸೀಮೆಗೆ ಒಂದೊಂದು ಸೇರು, ಒಂದೊಂದು ಕೊಳಗವಿದ್ದ ದೇಶ ಇದು ಎಂಬುದನ್ನು ನೆನೆದಾಗ ಆ ಸಾಧನೆಯ ಅಳವು ತಿಳಿಯುತ್ತದೆ.

ಇದನ್ನು ನಡೆಸಿದವರಾರು? ಈಜಿಪ್ಟಿನಲ್ಲಿ ಕೇಳಿದ್ದರೆ ಉತ್ತರ ಸುಲಭವಿತ್ತು. ಅಲ್ಲಿ ದೊರೆಯ ಗೋರಿಯೇ ಬೆಟ್ಟದಂತೆ ನಿಂತಿದೆ. ಹರಪ್ಪಾದ ನಗರಗಳಲ್ಲಿ ಇಂಥದು ಅರಮನೆಯೆಂದು ನಿಶ್ಚಯವಾಗಿ ಬೆರಳು ಮಾಡಿ ತೋರಿಸಬಹುದಾದ ಕಟ್ಟಡವಿಲ್ಲ, ರಾಜನ ಸಮಾಧಿಯಿಲ್ಲ, ಯುದ್ಧವಿಜಯದ ಶಿಲ್ಪವಿಲ್ಲ. ಪುರೋಹಿತರಾಜನೆಂದು ಹೆಸರಿಟ್ಟಿರುವ ವಿಗ್ರಹವು ಗೇಣುದ್ದಕ್ಕೂ ಕಡಿಮೆ. ಆತನು ಪುರೋಹಿತನೋ ರಾಜನೋ ಎರಡೂ ಅಲ್ಲವೋ, ಹೆಸರಿಟ್ಟವರ ಊಹೆ. ಇಷ್ಟರಿಂದಲೇ ಅಲ್ಲಿ ದಂಡವಿಲ್ಲದ ಧರ್ಮರಾಜ್ಯವಿತ್ತೆಂದು ಬರೆಯುವ ಉತ್ಸಾಹಿಗಳಿದ್ದಾರೆ. ಆ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಹರಪ್ಪಾದಲ್ಲಿ ಬಟ್ಟುಗಳು ನಗರದ್ವಾರಗಳ ಸಮೀಪ ದೊರೆತಿವೆ. ಒಳಬರುವ ಸರಕಿಗೆ ಅಲ್ಲಿ ಸುಂಕ ಕೊಡಬೇಕಾಗಿತ್ತೆಂದು ಕೆಲವು ವಿದ್ವಾಂಸರು ತಿಳಿಯುತ್ತಾರೆ. ಸುಂಕವಿದ್ದಲ್ಲಿ ಸುಂಕದವನೂ ಇರುತ್ತಾನೆ, ಅವನ ಬೆನ್ನಿಗೆ ಯಾವುದೋ ಒಂದು ಬಲವೂ ಇರುತ್ತದೆ. ಆ ಬಲವು ತನ್ನ ಮುಖವನ್ನು ಕಲ್ಲಿನಲ್ಲಿ ಕೆತ್ತಿಸಿಕೊಳ್ಳಲಿಲ್ಲ ಎಂಬಷ್ಟನ್ನು ಹೇಳಬಹುದು. ತೂಕವನ್ನು ಮಾತ್ರ ಕೆತ್ತಿಸಿತು.

ಲೋಥಲ್ ಅನ್ನು ಬೆಳಕಿಗೆ ತಂದವರು ಕನ್ನಡಿಗರಾದ ಡಾ. ಎಸ್. ಆರ್. ರಾವ್. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಜನಿಸಿದ ಅವರು 1954ರಲ್ಲಿ ಈ ನೆಲೆಯನ್ನು ಗುರುತಿಸಿ, ಮುಂದಿನ ವರ್ಷಗಳಲ್ಲಿ ಅಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಇಟ್ಟಿಗೆಯ ದೊಡ್ಡ ಕೊಳವನ್ನು ಅವರು ಹಡಗುಕಟ್ಟೆಯೆಂದರು, ಒಪ್ಪದವರೂ ಇದ್ದಾರೆ. ಆದರೆ ಕೊಳದ ಪಕ್ಕದ ಉಗ್ರಾಣದಲ್ಲಿ ಅವರಿಗೆ ದೊರೆತ ವಸ್ತುಗಳ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಒಮ್ಮೆ ಆ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ಸರಕೆಲ್ಲ ಸುಟ್ಟು ಬೂದಿಯಾಯಿತು. ಸರಕಿನ ಕಟ್ಟುಗಳಿಗೆ ಅಂಟಿಸಿದ್ದ ಹಸಿ ಮಣ್ಣಿನ ಮುದ್ರೆಗಳು ಮಾತ್ರ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದುಕೊಂಡವು. ಒಂದು ಮಗ್ಗುಲಲ್ಲಿ ಯಾವನೋ ವರ್ತಕನ ಮುದ್ರೆ, ಮತ್ತೊಂದು ಮಗ್ಗುಲಲ್ಲಿ ಚಾಪೆಯ ಹೆಣಿಗೆಯ, ಹುರಿಯ ಗಂಟಿನ ಅಚ್ಚು. ಕಟ್ಟಿದ ಹುರಿ ಇಲ್ಲ, ಕಟ್ಟಿದವನಿಲ್ಲ, ಗಂಟು ಮಾತ್ರ ಉಳಿದಿದೆ. ಲೋಥಲ್‌ನಲ್ಲಿ ಪರ್ಷಿಯಾ ಕೊಲ್ಲಿಯ ಮಾದರಿಯ ದುಂಡು ಮುದ್ರೆಯೊಂದು ಸಿಕ್ಕಿತು. ಅತ್ತ ಕೊಲ್ಲಿಯ ಬಹ್ರೇನಿನಲ್ಲಿ ಹರಪ್ಪಾದ ಮಾನದ ಬಟ್ಟುಗಳು ಸಿಕ್ಕವು. ಸಮುದ್ರದ ಆಚೆಯವನು ಈಚೆಯವನ ತೂಕವನ್ನು ಒಪ್ಪಿಕೊಂಡಿದ್ದನು.

ಬಟ್ಟು ಎಂಬುದು ಅಪರಿಚಿತರಿಗಾಗಿ ಹುಟ್ಟಿದ ವಸ್ತು. ಐವತ್ತು ಮನೆಗಳ ಹಳ್ಳಿಯಲ್ಲಿ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಯಾರ ಹೊಲದಲ್ಲಿ ಎಷ್ಟು ಬೆಳೆಯಿತು, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಎಲ್ಲರ ಬಾಯಲ್ಲಿಯೂ ಇರುತ್ತದೆ. ಕೊಟ್ಟ ಮಾತಿಗೆ ತಪ್ಪಿದವನು ಮರುದಿನ ಬಾವಿಕಟ್ಟೆಯಲ್ಲಿ ಮುಖ ತೋರಿಸಬೇಕು. ಮನುಷ್ಯನು ಕೃಷಿ ಕಲಿತ ಮೇಲೆ ಸಾವಿರಾರು ವರ್ಷ ಇಂಥ ಹಳ್ಳಿಗಳಲ್ಲಿಯೇ ಬಾಳಿದನು. ಮುಖ ಕಾಣದವನೊಡನೆ ವ್ಯವಹಾರ ತೊಡಗಿದಾಗ ನಂಬಿಕೆಯನ್ನು ಯಾವುದಾದರೊಂದು ವಸ್ತುವಿನಲ್ಲಿ ಇಡಬೇಕಾಯಿತು. ಅದು ಹೇಗೆ ನಡೆಯಿತೆಂಬುದನ್ನು ಸಿಂಧೂ ಬಯಲಿನಲ್ಲಿ ಓದುವಂತಿಲ್ಲ. ಅಲ್ಲಿಯ ಲಿಪಿ ಇಂದಿಗೂ ಬಿಡಿಸಲಾಗದೆ ಉಳಿದಿದೆ. ಓದಬೇಕಾದರೆ ಲೋಥಲ್‌ನ ಕಾಲದ ಹಡಗುಗಳು ತಲುಪುತ್ತಿದ್ದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋಗಬೇಕು.

ಅಲ್ಲಿಯೂ ಅದರ ಸುತ್ತಲಿನ ನಾಡುಗಳಲ್ಲಿಯೂ ಕ್ರಿ.ಪೂ. 8000ದ ಸುಮಾರಿನಿಂದಲೇ ಬೆರಳ ತುದಿಯಷ್ಟು ಚಿಕ್ಕ ಮಣ್ಣಿನ ಗೋಲಿಗಳು, ಬಿಲ್ಲೆಗಳು, ಶಂಕುಗಳು ದೊರೆಯುತ್ತವೆ. ಬಹುಕಾಲ ಇವನ್ನು ಆಟದ ಸಾಮಾನೆಂದು ಪಕ್ಕಕ್ಕೆ ಇಡಲಾಗಿತ್ತು. ಇವು ಲೆಕ್ಕದ ಕಾಯಿಗಳೆಂದು ವಿಸ್ತಾರವಾಗಿ ವಾದಿಸಿದವರು ಡೆನಿಸ್ ಶ್ಮಾಂಟ್-ಬೆಸರಾ ಎಂಬ ವಿದುಷಿ. ಆಕೆಯ ಎಲ್ಲ ಮಾತುಗಳನ್ನೂ ಎಲ್ಲರೂ ಒಪ್ಪಿಲ್ಲ. ಆದರೆ ಕ್ರಿ.ಪೂ. 3500ರ ಅನಂತರ ಈ ಕಾಯಿಗಳನ್ನು ಟೊಳ್ಳಾದ ಮಣ್ಣಿನ ಉಂಡೆಯೊಳಗೆ ಹಾಕಿ, ಬಾಯಿ ಮುಚ್ಚಿ, ಮೇಲೆ ಮುದ್ರೆ ಒತ್ತುತ್ತಿದ್ದರು ಎಂಬುದಕ್ಕೆ ಉಂಡೆಗಳೇ ಸಾಕ್ಷಿ. ಒಳಗೆ ಎಷ್ಟಿವೆಯೆಂದು ತಿಳಿಯಲು ಉಂಡೆಯನ್ನು ಒಡೆಯಬೇಕು. ಒಡೆದರೆ ಪ್ರಮಾಣವೇ ಹಾಳು. ಆದ್ದರಿಂದ ಕಾಯಿಗಳ ಗುರುತನ್ನು ಹೊರಮೈಯ ಮೇಲೂ ಒತ್ತತೊಡಗಿದರು. ಹೊರಗೆ ಗುರುತಿದ್ದ ಮೇಲೆ ಒಳಗೆ ಕಾಯಿ ಏಕೆ? ಉಂಡೆ ಚಪ್ಪಟೆಯಾಯಿತು, ಫಲಕವಾಯಿತು. ಹಳೆಯ ಪದ್ಧತಿ ಅಷ್ಟು ಬೇಗ ಅಳಿಯಲಿಲ್ಲವೆಂಬುದೂ ನಿಜ. ಇದಾದ ಎರಡು ಸಾವಿರ ವರ್ಷಗಳ ಮೇಲೆಯೂ ನೂಜಿ ಎಂಬ ಊರಿನಲ್ಲಿ ಕುರಿ ಮೇಕೆಗಳ ಪಟ್ಟಿ ಬರೆದ ಮೊಟ್ಟೆಯಾಕಾರದ ಮಣ್ಣಿನ ಪಾತ್ರೆಯೊಂದರಲ್ಲಿ ಐವತ್ತಕ್ಕೆ ಸಮೀಪದಷ್ಟು ಹರಳುಗಳು ಇದ್ದವು. ಅಕ್ಷರ ಬಲ್ಲ ಧಣಿಗೆ ಪಟ್ಟಿ, ಅಕ್ಷರ ಬಾರದ ಕುರುಬನಿಗೆ ಹರಳು. ಇಬ್ಬರೂ ಒಂದೇ ಲೆಕ್ಕವನ್ನು ತಮ್ಮ ತಮ್ಮ ಕಣ್ಣಿನಿಂದ ನೋಡಬಹುದಾಗಿತ್ತು.

ಫಲಕಗಳು ರಾಶಿಯಾಗಿ ದೊರೆತ ಊರು ಉರುಕ್. ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಗೆ ಸುಮಾರು 250 ಹೆಕ್ಟೇರ್ ಹರಡಿದ್ದ, ಆ ಕಾಲಕ್ಕೆ ಬೆರಗು ಹುಟ್ಟಿಸುವ ಮಹಾನಗರ. ಅಲ್ಲಿಯ ಅತಿ ಪ್ರಾಚೀನ ಫಲಕಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಲೆಕ್ಕಪತ್ರಗಳು. ಉಳಿದವು ಲೆಕ್ಕ ಬರೆಯುವವರು ಅಭ್ಯಾಸ ಮಾಡುತ್ತಿದ್ದ ಶಬ್ದಗಳ ಪಟ್ಟಿಗಳು. ಸ್ತೋತ್ರವಿಲ್ಲ, ಕಾವ್ಯವಿಲ್ಲ, ರಾಜವಂಶಾವಳಿಯಿಲ್ಲ. ಜವೆ ಇಷ್ಟು, ಕುರಿ ಇಷ್ಟು. ಕುರಿಗೆ ಒಂದು ಸಂಖ್ಯಾಕ್ರಮ, ಧಾನ್ಯಕ್ಕೆ ಇನ್ನೊಂದು; ವೀಳ್ಯದೆಲೆಯನ್ನು ಕಟ್ಟಿನಲ್ಲಿ, ಭತ್ತವನ್ನು ಪಲ್ಲದಲ್ಲಿ, ಚಿನ್ನವನ್ನು ಗುಲಗಂಜಿಯಲ್ಲಿ ಎಣಿಸಿದ ನಾಡಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಕ್ರಿ.ಪೂ. 3100ರ ಆಸುಪಾಸಿನ ಫಲಕವೊಂದು 37 ತಿಂಗಳ ಅವಧಿಗೆ 29,086 ಅಳತೆ ಜವೆಯನ್ನು ತೋರಿಸಿ ಕುಶಿಮ್ ಎಂಬ ಗುರುತನ್ನು ಹೊತ್ತಿದೆ. ಕುಶಿಮ್ ಎಂಬುದು ವ್ಯಕ್ತಿಯ ಹೆಸರೋ ಹುದ್ದೆಯ ಹೆಸರೋ ತೀರ್ಮಾನವಾಗಿಲ್ಲ. ವ್ಯಕ್ತಿಯೇ ಆಗಿದ್ದರೆ, ಮಾನವ ಇತಿಹಾಸದಲ್ಲಿ ಬರೆಹಕ್ಕೆ ಸಿಕ್ಕಿದ ಮೊದಮೊದಲ ಹೆಸರುಗಳಲ್ಲೊಂದು ಉಗ್ರಾಣದ ಲೆಕ್ಕ ಬರೆದವನದು.

ವರ್ತಕ ಸಮಾಜದಲ್ಲಿ ಈ ಸಂಗತಿಯನ್ನು ಹೇಳಿದರೆ ಕೇಳಿದವರ ಮುಖದಲ್ಲಿ ಸ್ವಲ್ಪ ಹೆಮ್ಮೆ ಮೂಡುವುದು ಸಹಜ. ಆದರೆ ಕೀರ್ದಿಯ ಒಂದು ಪುಟವನ್ನು ಓದಿ ಲಾಭವನ್ನು ನಿರ್ಣಯಿಸುವಂತಿಲ್ಲ. ಎದುರು ಪುಟವನ್ನೂ ನೋಡಬೇಕು. ಉರುಕ್‌ನಲ್ಲಿ ಫಲಕಗಳ ಜೊತೆಗೆ ಅಸಂಖ್ಯವಾಗಿ ದೊರೆತಿರುವುದು ಒಂದು ಬಗೆಯ ಒರಟು ಮಣ್ಣಿನ ಬಟ್ಟಲು. ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಅಂದವಿಲ್ಲದ್ದು, ಬಳಸಿ ಬಿಸಾಡಿದ್ದು. ದುಡಿಯುವವರಿಗೆ ಪಡಿ ಅಳೆದು ಕೊಡುವ ಪಾತ್ರೆ ಇದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಊಟ ಎಂಬುದಕ್ಕೆ ಆ ಲಿಪಿಯಲ್ಲಿದ್ದ ಚಿಹ್ನೆ ಮನುಷ್ಯನ ತಲೆಯ ಪಕ್ಕದಲ್ಲಿ ಇಂಥದೇ ಬಟ್ಟಲು. ಮುಂದೆ ಸುಮಾರು ಸಾವಿರ ವರ್ಷಗಳ ಮೇಲೆ ಊರ್ ನಗರದ ಮೂರನೆಯ ರಾಜವಂಶದ ಕಾಲಕ್ಕೆ ಲೆಕ್ಕಗಾರಿಕೆ ಎಷ್ಟು ಬಲಿಯಿತೆಂದರೆ, ನೇಯುವ ಮತ್ತು ಬೀಸುವ ಹೆಂಗಸರ ಒಂದೊಂದು ದಿನದ ಕೆಲಸವೂ ಫಲಕಕ್ಕೆ ಏರಿತು. ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲ ಜವೆ, ಹೆಣ್ಣಾಳಿಗೆ 30. ಸಿಲವೆಂದರೆ ಸುಮಾರು ಒಂದು ಲೀಟರ್. ಗುಂಪಿನಿಂದ ಬರಬೇಕಾದಷ್ಟು ಕೆಲಸ ಬಾರದಿದ್ದರೆ ಆ ಕೊರತೆಯು ಮೇಸ್ತ್ರಿಯ ಹೆಸರಿನಲ್ಲಿ ಬಾಕಿಯಾಗಿ ಮುಂದಿನ ವರ್ಷಕ್ಕೆ ಸಾಗುತ್ತಿತ್ತು. ಬಾಕಿ ತೀರದೆ ಅವನು ಸತ್ತರೆ ಅವನ ಮನೆಮಂದಿಯನ್ನೇ ವಶಪಡಿಸಿಕೊಂಡು ಆಳುಗಳ ಸಾಲಿಗೆ ಸೇರಿಸಿದ ಉದಾಹರಣೆಗಳಿವೆ. ಆ ಫಲಕಗಳ ಕೂಡಿಕೆಯಲ್ಲಿ ತಪ್ಪಿಲ್ಲ. ಲೆಕ್ಕ ಸರಿಯಾಗಿದೆ ಎಂಬುದಕ್ಕೂ ನ್ಯಾಯ ನಡೆದಿದೆ ಎಂಬುದಕ್ಕೂ ನಡುವೆ ಎಷ್ಟು ಅಂತರವಿರಬಹುದೆಂದು ತಿಳಿಯಬೇಕಾದವರು ಅವುಗಳನ್ನು ನೋಡಬೇಕು.

ಸಾಲದ ಕಥೆಯೂ ಅದೇ. ಜವೆಯ ಸಾಲಕ್ಕೆ ಮೂರರಲ್ಲಿ ಒಂದು ಪಾಲು, ಬೆಳ್ಳಿಯ ಸಾಲಕ್ಕೆ ಐದರಲ್ಲಿ ಒಂದು ಪಾಲು ಬಡ್ಡಿ ಅಲ್ಲಿಯ ವಾಡಿಕೆ. ಎರಡು ವರ್ಷ ಬೆಳೆ ಹೋದರೆ ರೈತನು ಮೊದಲು ಹೊಲವನ್ನೂ ಆಮೇಲೆ ಮಕ್ಕಳನ್ನೂ ಒತ್ತೆಯಿಡುತ್ತಿದ್ದನು. ಕ್ರಿ.ಪೂ. 2400ರ ಸುಮಾರಿನಲ್ಲಿ ಲಗಾಶ್ ನಗರದ ದೊರೆ ಎನ್ಮೆಟೆನ ಇಂಥ ಸಾಲಗಳನ್ನು ರದ್ದುಗೊಳಿಸಿದನು. ಆ ಕ್ರಿಯೆಗೆ ಸುಮೇರಿಯನ್ ಭಾಷೆಯಲ್ಲಿ ಅಮರ್ಗಿ ಎಂದು ಹೆಸರು. ಬಿಡುಗಡೆಯೆಂದು ಅದನ್ನು ಅನುವಾದಿಸುತ್ತಾರೆ. ಅಕ್ಷರಶಃ ಅರ್ಥ ಬೇರೆ: ತಾಯಿಯ ಬಳಿಗೆ ಮರಳುವುದು. ಸಾಲಕ್ಕೆ ಜೀತವಾಗಿ ಹೋದ ಮಗು ಮನೆಗೆ ಬರುವುದನ್ನು ಕಂಡವರು ಮಾತ್ರ ಇಂಥ ಪದವನ್ನು ಕಟ್ಟಬಲ್ಲರು.

ಬಾಬಿಲೋನಿನ ಹಮ್ಮುರಾಬಿಯ ಶಾಸನವೂ (ಕ್ರಿ.ಪೂ. ಹದಿನೆಂಟನೆಯ ಶತಮಾನ) ಸಾಲದ ಜೀತಕ್ಕೆ ಮೂರು ವರ್ಷದ ಮಿತಿ ಹಾಕಿತು. ಅದೇ ಶಾಸನದ ಇನ್ನೊಂದು ವಿಧಿ ವರ್ತಕನನ್ನು ನೇರವಾಗಿ ಹಿಡಿಯುತ್ತದೆ. ಸಾಲ ಕೊಡುವಾಗ ಚಿಕ್ಕ ಬಟ್ಟಿನಿಂದ ತೂಗಿ, ವಸೂಲು ಮಾಡುವಾಗ ದೊಡ್ಡ ಬಟ್ಟಿನಿಂದ ತೂಗಿದ ವರ್ತಕನು ಕೊಟ್ಟದ್ದೆಲ್ಲವನ್ನೂ ಕಳೆದುಕೊಳ್ಳಬೇಕೆಂದು ಅದರ ತಾತ್ಪರ್ಯ. ಇಂದು ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿರುವ ಶಿಲಾಸ್ತಂಭದಲ್ಲಿ ಈ ವಿಧಿಯಿದ್ದ ಭಾಗವನ್ನೇ ಹಿಂದೆ ಯಾರೋ ಉಜ್ಜಿ ಅಳಿಸಿದ್ದಾರೆ. ಮಣ್ಣಿನ ಪ್ರತಿಗಳಲ್ಲಿ ಅದು ಉಳಿದು ಬಂದಿತು. ಈ ಪತ್ರಿಕೆಯ ಓದುಗರಿಗೆ ಇಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಾಗಿರಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಉಮಾಸ್ವಾಮಿ ಆಚಾರ್ಯರು ಎಣಿಸಿರುವ ಹೀನಾಧಿಕಮಾನೋನ್ಮಾನವು ಇದೇ ದೋಷ: ಕೊಡುವ ಕೊಳಗ ಬೇರೆ, ಕೊಳ್ಳುವ ಕೊಳಗ ಬೇರೆ. ದೊರೆಯು ಸಿಕ್ಕಿಬಿದ್ದವನಿಗೆ ದಂಡವನ್ನು ಹೇಳಿದನು. ಆಚಾರ್ಯರು ಸಿಕ್ಕಿಬೀಳದವನನ್ನು ಕುರಿತು ಬರೆದರು. ವ್ರತಕ್ಕೆ ಸುಂಕದ ಕಟ್ಟೆಯಿಲ್ಲ. ಎರಡರ ನಡುವೆ ಎರಡು ಸಾವಿರ ವರ್ಷಗಳಷ್ಟು ಅಂತರವಿದ್ದರೂ ಅಂಗಡಿಯವನ ಕೈ ಅದೇ ಆಗಿತ್ತೆಂಬುದು ಸ್ಪಷ್ಟ.

ಆ ಕೈಯ ಇನ್ನೊಂದು ಅಭ್ಯಾಸಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು. ಒಳ್ಳೆಯ ಸರಕೆಂದು ತೋರಿಸಿ ಕೀಳು ಸರಕನ್ನು ಕೊಡುವುದು. ಕ್ರಿ.ಪೂ. 1750ರ ಸುಮಾರಿನ ಊರ್ ನಗರದಲ್ಲಿ ಎಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಯಿದ್ದನು. ದಿಲ್ಮುನ್, ಅಂದರೆ ಬಹ್ರೇನಿನಿಂದ, ತಾಮ್ರ ತರಿಸಿ ಮಾರುತ್ತಿದ್ದನು. ನನ್ನಿ ಎಂಬ ಗಿರಾಕಿ ಅವನಿಗೆ ಬರೆದ ದೂರಿನ ಫಲಕ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಳ್ಳೆಯ ಗಟ್ಟಿ ಕೊಡುತ್ತೇನೆಂದು ಹೇಳಿ ಕೆಟ್ಟದ್ದನ್ನು ತೋರಿಸಿದೆ. ಶತ್ರುಗಳ ನಾಡಿನ ಮೂಲಕ ಕಳಿಸಿದ ನನ್ನ ಆಳುಗಳನ್ನು ಅವಮಾನಿಸಿ ಬರಿಗೈಯಲ್ಲಿ ಅಟ್ಟಿದೆ. ಇನ್ನು ಮುಂದೆ ನನ್ನ ಅಂಗಳದಲ್ಲಿ ಒಂದೊಂದು ಗಟ್ಟಿಯನ್ನೂ ನಾನೇ ಆರಿಸಿಕೊಳ್ಳುತ್ತೇನೆ ಎಂಬುದು ಆ ದೂರಿನ ಸಾರ. ತಾಮ್ರಕ್ಕಿಂತ ಅವಮಾನವೇ ನನ್ನಿಯನ್ನು ಹೆಚ್ಚು ಸುಟ್ಟಂತೆ ಕಾಣುತ್ತದೆ. ಅದೇ ಮನೆಯಲ್ಲಿ ಬೇರೆ ಗಿರಾಕಿಗಳ ಇಂಥ ದೂರುಗಳೂ ದೊರೆತಿವೆ. ಎಯಾ-ನಾಸಿರ್ ಅವನ್ನು ಎಸೆಯದೆ ಏಕೆ ಇಟ್ಟುಕೊಂಡನೆಂದು ಯೋಚಿಸಿದರೆ ನಗು ಬರುತ್ತದೆ. ಬಹುಶಃ ಅವನೂ ತನ್ನ ಮಟ್ಟಿಗೆ ಅಚ್ಚುಕಟ್ಟಾಗಿ ದಫ್ತರ ಇಡುವವನೇ ಆಗಿದ್ದನು.

ಇದಕ್ಕೆ ಒಂದು ಶತಮಾನಕ್ಕೂ ಹಿಂದೆ, ಉತ್ತರದ ಅಸ್ಸೂರ್ ನಗರದ ವರ್ತಕರು ಇಂದಿನ ತುರ್ಕಿಯಲ್ಲಿರುವ ಕನೇಶ್‌ಗೆ ಕತ್ತೆಗಳ ಮೇಲೆ ತವರವನ್ನೂ ಬಟ್ಟೆಯನ್ನೂ ಸಾಗಿಸುತ್ತಿದ್ದರು. ಸಾವಿರ ಕಿಲೋಮೀಟರಿನ ದಾರಿ. ಕನೇಶ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫಲಕಗಳು ಸಿಕ್ಕಿವೆ. ರಾಜರ ದಾಖಲೆಗಳಲ್ಲ, ಬಹುಪಾಲು ವರ್ತಕ ಕುಟುಂಬಗಳ ಕಾಗದಪತ್ರಗಳು. ಪುಶು-ಕೆನ್ ಎಂಬವನು ಕನೇಶ್‌ನಲ್ಲಿ ಅಂಗಡಿ ಹೂಡಿದ್ದನು. ಅವನ ಹೆಂಡತಿ ಲಮಸ್ಸಿ ಅಸ್ಸೂರ್‌ನಲ್ಲಿ ಮನೆ ನೋಡಿಕೊಂಡು, ಬಟ್ಟೆ ನೇಯಿಸಿ ಕಳಿಸುತ್ತಿದ್ದಳು. ನೀವು ಹೋದ ಮೇಲೆ ನೆರೆಯವನು ಎರಡು ಸಲ ಮನೆ ಕಟ್ಟಿಸಿದನು, ನಾವು ಕಟ್ಟಿಸುವುದು ಯಾವಾಗ ಎಂದು ಆಕೆ ಗಂಡನಿಗೆ ಬರೆದಳು. ಅವನಾದರೋ ಸುಂಕ ತಪ್ಪಿಸಿದ ಸರಕಿನ ವ್ಯವಹಾರದಲ್ಲಿ ಸಿಕ್ಕಿ ಒಮ್ಮೆ ಅರಮನೆಯ ಸೆರೆಯನ್ನೂ ಕಂಡನು. ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಹುಡುಕುವುದು ಕಷ್ಟ.

ಆ ವರ್ತಕರು ಸಾಲಪತ್ರವನ್ನು ಮಣ್ಣಿನ ಫಲಕದಲ್ಲಿ ಬರೆದು, ಅದನ್ನು ಮಣ್ಣಿನದೇ ಲಕೋಟೆಯಲ್ಲಿಟ್ಟು ಮುಚ್ಚಿ, ಸಾಲಗಾರನ ಮತ್ತು ಸಾಕ್ಷಿಗಳ ಮುದ್ರೆಗಳನ್ನು ಒತ್ತಿಸುತ್ತಿದ್ದರು. ಸಾಲ ತೀರಿದ ದಿನ ಫಲಕವನ್ನು ಸಾಲಗಾರನಿಗೆ ಹಿಂದಿರುಗಿಸಬೇಕು. ಅದನ್ನು ರದ್ದುಪಡಿಸುವುದಕ್ಕೆ ಅವರ ಭಾಷೆಯಲ್ಲಿದ್ದ ಮಾತು ಫಲಕವನ್ನು ಕೊಲ್ಲುವುದು ಎಂದು. ತೀರಿದ ಸಾಲದ ಎಷ್ಟೋ ಫಲಕಗಳು ಹೀಗೆ ಒಡೆದು ಪುಡಿಯಾಗಿ ಮತ್ತೆ ಬರಿಯ ಮಣ್ಣಾದವು. ನಾಲ್ಕು ಸಾವಿರ ವರ್ಷಗಳ ಮೇಲೆ ಸಂಶೋಧಕರ ಕೈಗೆ ಲಕೋಟೆ ಒಡೆಯದೆ, ಮುದ್ರೆ ಮಾಸದೆ ಸಿಗುವ ಸಾಲಪತ್ರಗಳಲ್ಲಿ ಬಹಳಷ್ಟು ಯಾರೂ ತೀರಿಸದೆ ಬಿಟ್ಟುಹೋದವುಗಳಿರಬೇಕು.